ಸೀರಿಯಲ್ ಡಾಕ್ಟರಮ್ಮ

ಸಾರು ಬಾಯಿಯ ಎಡಮೂಲೆಯಿಂದ ಇಳಿದು, ಗಲ್ಲದ ಮೇಲೆ ಒಂದು ಗಳಿಗೆ ನಿಂತು, ಎದೆಗೆ ಹೊದಿಸಿದ್ದ ಟವೆಲ್ಲಿನ ಮೇಲೆ ಬಿತ್ತು. ಓಕ್‌ಸುನ್ ಅದನ್ನು ಒರೆಸಿ ಇನ್ನೊಂದು ಚಮಚ ಕೊಟ್ಟಳು. ಅದೂ ಇಳಿಯಿತು, ಅದೇ ಮೂಲೆಯಿಂದ. ಒಂಬತ್ತು ದಿನಗಳಿಂದ ಮೂರು ಹೊತ್ತೂ ಈ ಬಾಯಿಗೆ ಚಮಚ ಹಿಡಿದವಳು ಅವಳು. ಅದು ಹೇಗೆ ತೆರೆಯುತ್ತದೆ, ಎಷ್ಟು ಬಿಸಿಗೆ ಮುಚ್ಚಿಕೊಳ್ಳುತ್ತದೆ, ಬೇಡವೆಂದಾಗ ಯಾವ ಕಡೆ ತಿರುಗುತ್ತದೆ, ಎಲ್ಲವೂ ಅವಳ ಬೆರಳುಗಳಿಗೆ ಗೊತ್ತಿತ್ತು. ಇದು ಆ ಬಾಯಿಯಲ್ಲ. ಗೋಡೆಯ ಗಡಿಯಾರ ನೋಡಬಾರದು ಅಂದುಕೊಂಡಳು, ನೋಡಿದಳು. ಹನ್ನೆರಡು ಇಪ್ಪತ್ತು. ಹಲ್ಲಿನ ಸೆಟ್ಟು ಸಡಿಲವಾಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ಕೂಡಲೇ ಅದು ಯಾರೋ ಪಕ್ಕದಲ್ಲಿ ನಿಂತು ಹೇಳಿಕೊಟ್ಟ ಮಾತಿನಂತೆ ಕೇಳಿಸಿತು.

ಸೊಂಟದ ಮೂಳೆಗೆ ಆಪರೇಷನ್ ಆದ ಪಿಲ್‌ನ್ಯೋ ಅಜ್ಜಿಗೆ ಎಪ್ಪತ್ತೊಂಬತ್ತು. ದೇಗು ನಗರದ ಈ ದೊಡ್ಡ ಆಸ್ಪತ್ರೆಯ ಐದನೇ ಮಹಡಿಯಲ್ಲಿ, ಆರು ಹಾಸಿಗೆಯ ಹೆಂಗಸರ ಕೋಣೆಯಲ್ಲಿ, ಬಾಗಿಲ ಪಕ್ಕದ ಹಾಸಿಗೆ ಅವಳದು. ಆ ಹಾಸಿಗೆಯ ಕೆಳಗಿನಿಂದ ಎಳೆದುಕೊಳ್ಳುವ, ಮೊಣಕಾಲೆತ್ತರದ ಮಡಿಸುಮಂಚ ಓಕ್‌ಸುನಳದು. ಕೂಲಿಗೆ ರೋಗಿಗಳ ಆರೈಕೆ ಮಾಡುತ್ತ ಹನ್ನೊಂದು ವರ್ಷಗಳಿಂದ ಇಂಥ ಮಡಿಸುಮಂಚಗಳಲ್ಲೇ ಅವಳ ವಾಸ. ರೋಗಿ ಬದಲಾಗುತ್ತಾರೆ, ಆಸ್ಪತ್ರೆ ಬದಲಾಗುತ್ತದೆ, ಮಂಚದ ಕಂದು ಬಣ್ಣ ಮಾತ್ರ ಎಲ್ಲ ಕಡೆಯೂ ಒಂದೇ. ಆ ಎತ್ತರದಿಂದ ಡಾಕ್ಟರುಗಳು ಚಪ್ಪಲಿಯಿಂದ ಶುರುವಾಗುತ್ತಾರೆ. ಮುಖದವರೆಗೆ ಕಣ್ಣು ಹೋಗುವಷ್ಟರಲ್ಲಿ ಅವರು ಮುಂದಿನ ಹಾಸಿಗೆಗೆ ಹೋಗಿಬಿಟ್ಟಿರುತ್ತಾರೆ.

"ಅಜ್ಜಿ, ಒಂಚೂರು ನಗಿ ನೋಡೋಣ."

"ಯಾಕೆ? ನಿನ್ ಮದ್ವೆನಾ?" ಅಂದಳು ಅಜ್ಜಿ. ಮಾತು ಸ್ಪಷ್ಟವಾಗಿಯೇ ಇತ್ತು. ಸ್ಪಷ್ಟವಾಗಿತ್ತೇ? 'ಮದ್ವೆ'ಯ ನಡುವೆ ಏನೋ ಒಂದಿಷ್ಟು ಜಾರಿರಲಿಲ್ಲವೇ? ಚೊಂಗ್‌ದೋ ಕಡೆಯ ಪರ್ಸಿಮನ್ ಹಣ್ಣಿನ ತೋಟದಲ್ಲಿ ಅರವತ್ತು ವರ್ಷ ಕೂಗಿ ಕೂಗಿ ಮಾತಾಡಿದವಳು ಅಜ್ಜಿ. ಅವಳ ಮಾತು ಯಾವತ್ತೂ ಅರ್ಧ ಗಂಟಲಲ್ಲಿ, ಅರ್ಧ ಮೂಗಿನಲ್ಲಿ.

"ಸಿಸ್ಟರನ್ನ ಕರೀಲಾ?"

"ಸುಮ್ಕಿರೇ. ಬೆಳಿಗ್ಗೆಯಿಂದ ಮೂರು ಸಲ ಸೂಜಿ ಚುಚ್ಚವ್ರೆ. ಏನೂ ಆಗಿಲ್ಲ ಬುಡು. ನಿದ್ದೆ ಬತ್ತಾ ಐತೆ ಅಷ್ಟೇಯ."

ಕರೆಯಬೇಡ ಎಂದು ರೋಗಿಯೇ ಹೇಳಿದ್ದಾಳೆ. ಓಕ್‌ಸುನ್ ಆ ಮಾತನ್ನು ಎತ್ತಿ ಒಂದು ಕಡೆ ಇಟ್ಟುಕೊಂಡಳು, ಮುಂದೆ ಯಾರಿಗೋ ತೋರಿಸಬೇಕಾಗುತ್ತದೆ ಎಂಬಂತೆ.

ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಕುಕ್ ಟೀಚರು ಕಾಲು ಚಾಚಿ ಪತ್ರಿಕೆ ಓದುತ್ತಿದ್ದರು. ಮೂರು ವಾರದ ಹಿಂದೆ, ಓಕ್‌ಸುನ್ ಇದೇ ಕೋಣೆಯಲ್ಲಿ ಇನ್ನೊಬ್ಬ ರೋಗಿಯನ್ನು ನೋಡಿಕೊಳ್ಳುತ್ತಿದ್ದಾಗ, ಅದೇ ಕಾಲಿನ ಮೀನಖಂಡ ಊದಿತ್ತು, ಕೆಂಪಗಾಗಿತ್ತು, ಮುಟ್ಟಿದರೆ ಬೆಚ್ಚಗಿತ್ತು. 'ರಕ್ತ ಹೆಪ್ಪುಗಟ್ಟಿದೆ, ಅದು ಎದ್ದು ಶ್ವಾಸಕೋಶಕ್ಕೆ ಹೋಗುತ್ತೆ!' ಎಂದು ಕಾರಿಡಾರಿನ ಉದ್ದಕ್ಕೂ ಕೂಗಿಕೊಂಡು ಓಡಿದ್ದಳು. ಟೀಚರನ್ನು ಗಾಲಿಕುರ್ಚಿಯಲ್ಲಿ ಒಯ್ದು ಸ್ಕ್ಯಾನ್ ಮಾಡಿಸಿದರು. ಏನೂ ಇರಲಿಲ್ಲ. ಕಾಲುಚೀಲದ ಎಲಾಸ್ಟಿಕ್ ಬಿಗಿಯಾಗಿತ್ತು, ಅಷ್ಟೇ. ಮಾರನೆಯ ದಿನ ರೌಂಡ್ಸಿಗೆ ಬಂದ ಪ್ಯೋ ಡಾಕ್ಟರು, ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ, ಎಲ್ಲರೆದುರು ಬಹಳ ಮರ್ಯಾದೆಯಿಂದ ಕೇಳಿದ್ದ: "ಅಮ್ಮಾವ್ರೇ, ಅದು ಸೀರಿಯಲ್ಲಿನ ಎಷ್ಟನೇ ಎಪಿಸೋಡು? ಹೇಳಿ, ನಾನೂ ನೋಡ್ಕೊಂಡು ಬರ್ತೀನಿ." ಕೋಣೆ ಪೂರ್ತಿ ನಕ್ಕಿತು. ಓಕ್‌ಸುನಳೂ ನಕ್ಕಳು. ನೆನಪಾದಾಗಲೆಲ್ಲ ಚುಚ್ಚುವುದು ಅವರ ನಗೆಯಲ್ಲ, ಅವರೊಂದಿಗೆ ಸೇರಿಕೊಂಡ ತನ್ನ ನಗೆ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಸೊಂಟ ಬಗ್ಗಿಸಿ, ತಪ್ಪಾಯಿತು ತಪ್ಪಾಯಿತು ಎನ್ನುತ್ತ ನಕ್ಕ ಆ ನಗೆ. ಆಮೇಲೆ ಹಿರಿಯ ನರ್ಸ್ ಮಾ ಅವಳನ್ನು ಬಟ್ಟೆ ಇಡುವ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿ ಹೇಳಿದ್ದಳು: "ಒರೆಸಿ, ತಿನ್ನಿಸಿ, ಮಗ್ಗುಲು ಬದಲಾಯಿಸಿ. ರೋಗ ಹೇಳೋದು ನಿಮ್ಮ ಕೆಲ್ಸ ಅಲ್ಲ. ಇನ್ನೊಂದ್ಸಲ ಹಿಂಗಾದ್ರೆ ನಿಮ್ಮನ್ನ ಕಳಿಸಿದ ಆರೈಕೆಯವರ ಸಂಘಕ್ಕೆ ನಾನು ಫೋನ್ ಮಾಡ್ಬೇಕಾಗತ್ತೆ." ಅಂದಿನಿಂದ ಅವಳಿಗೆ ಆ ಮಹಡಿಯಲ್ಲಿ ಸೀರಿಯಲ್ ಡಾಕ್ಟರಮ್ಮ ಎಂದೇ ಹೆಸರು.

"ಡಾಕ್ಟರಮ್ಮಾ, ನಿಮ್ಮ ಸೀರಿಯಲ್ ಶುರುವಾಯ್ತು ನೋಡ್ರೀ!" ಎದುರು ಹಾಸಿಗೆಯ ಹೆಂಗಸು ಕೂಗಿ ಟೀವಿಯ ಸದ್ದು ಏರಿಸಿದಳು. ಹನ್ನೆರಡೂವರೆ. 'ಮೂಡಣ ವಾರ್ಡು' ಮರುಪ್ರಸಾರ. ನಾಲ್ಕನೇ ಕಂತು.

ಬೇರೆ ಯಾವ ಕಂತಾದರೂ ಆಗಬಹುದಿತ್ತು. ನಾಲ್ಕನೆಯದನ್ನು ಅವಳು ಎಷ್ಟು ಸಲ ನೋಡಿದ್ದಳೋ ಲೆಕ್ಕವಿಲ್ಲ. ಅದರ ನಾಯಕಿ ಡಾಕ್ಟರ್ ಮೋ ಎಂಬ ನಲವತ್ತೈದರ ಹೆಂಗಸು, ಕೂದಲು ಬಾಚಿಕೊಳ್ಳಲೂ ಬಿಡುವಿಲ್ಲದವಳು, ಮಾತು ಕಡಿಮೆ; ಬೇರೆ ಧಾರಾವಾಹಿಗಳ ಡಾಕ್ಟರುಗಳ ಹಾಗೆ ಛಾವಣಿಯ ಮೇಲೆ ಹೋಗಿ ಗಾಳಿಗೆ ಕೋಟು ಹಾರಿಸಿಕೊಂಡು ನಿಲ್ಲುವವಳಲ್ಲ. ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡುತ್ತಾಳೆ. ರೋಗಿಯ ಹತ್ತಿರ ಮಾತಾಡುವಾಗ ಮಡಿಸುಮಂಚದ ಮೇಲೆ ಕೂರುತ್ತಾಳೆ, ರೋಗಿಗಿಂತ ಕೆಳಗೆ. ಎಲ್ಲಕ್ಕಿಂತ ದೊಡ್ಡದು, ಆ ಧಾರಾವಾಹಿಯಲ್ಲಿ ರೋಗಿಯ ಆರೈಕೆಯವಳಿಗೆ ಒಂದು ಹೆಸರಿತ್ತು. ಗೀ ಅಮ್ಮ. ಬೇರೆಲ್ಲ ಕಡೆ ಆರೈಕೆಯವಳೆಂದರೆ ಮೂಲೆಯಲ್ಲಿ ಗೊರಕೆ ಹೊಡೆಯುವ ನೇರಳೆ ಬಣ್ಣದ ಜಾಕೀಟು. ಇಲ್ಲಿ ಗೀ ಅಮ್ಮ ರೋಗಿಯ ಹಿಮ್ಮಡಿಗೆ ಎಣ್ಣೆ ಸವರುತ್ತಿದ್ದಾಗ ಕ್ಯಾಮರಾ ಅವಳ ಕೈಯ ಮೇಲೆ ಒಂದು ನಿಮಿಷ ಪೂರ್ತಿ ನಿಂತಿತ್ತು. ಯಾವ ಸಂಗೀತವೂ ಇಲ್ಲದೆ. ಓಕ್‌ಸುನ್ ವೀಕ್ಷಕರ ಆನ್‌ಲೈನ್ ವೇದಿಕೆಯಲ್ಲಿ 'ಮಡಿಸುಮಂಚ' ಎಂಬ ಹೆಸರಿನಲ್ಲಿ ಅದನ್ನೇ ಬರೆದಿದ್ದಳು, ಒಂದು ಬೆರಳಿನಲ್ಲಿ ಒತ್ತಿ ಒತ್ತಿ, ಎರಡು ದಿನ ಹಿಡಿದು: 'ಎಣ್ಣೆಯನ್ನು ಮೊದಲು ತನ್ನ ಅಂಗೈಗೆ ಹಾಕಿಕೊಂಡಳು. ಇದನ್ನು ಬರೆದವರು ಯಾರೋ ಒಬ್ಬರು ನಮ್ಮನ್ನು ನಿಜವಾಗಿ ನೋಡಿದ್ದಾರೆ.' ಸಾವಿರಾರು ಜನ ಮೆಚ್ಚಿದರು. ನೀವು ಡಾಕ್ಟರಾ, ನರ್ಸಾ ಎಂದು ಕೆಲವರು ಕೇಳಿದರು. ಅವಳು ಉತ್ತರ ಕೊಡಲಿಲ್ಲ. ಪ್ರತಿ ಕಂತಿನ ಬಗ್ಗೆಯೂ ಬರೆಯತೊಡಗಿದಳು. ಬರೆಯುವಾಗ ಅವಳ ಬೆನ್ನು ನೆಟ್ಟಗಿರುತ್ತಿತ್ತು.

ಈಗ ಬೆನ್ನು ನೆಟ್ಟಗಿರಲಿಲ್ಲ. ಟೀವಿ ಅವಳ ಬಲಕ್ಕೆ, ಅಜ್ಜಿ ಎಡಕ್ಕೆ. ಅವಳು ಅಜ್ಜಿಯ ಹಲ್ಲಿನ ಸೆಟ್ಟನ್ನು ತೆಗೆದು ತೊಳೆದಳು, ಅದು ಹೊಂದಿಕೊಳ್ಳುತ್ತದೆಯೇ ನೋಡಲು ಹಾಕಿದಳು. ಸರಿಯಾಗಿ ಹೊಂದಿತು. ಹೊಂದಬಾರದಾಗಿತ್ತು. ಸೆಟ್ಟನ್ನು ತೆಗೆದು, ಡಬ್ಬಿಯಲ್ಲಿಟ್ಟು, ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಅಜ್ಜಿ ಕಣ್ಣು ಮುಚ್ಚಿದ್ದಳು. ಊಟ ಮಾಡಿದ ಮೇಲೆ ಎಲ್ಲರೂ ಕಣ್ಣು ಮುಚ್ಚುತ್ತಾರೆ. ಹನ್ನೆರಡು ನಲವತ್ತೆರಡು. ಪರದೆಯ ಮೇಲೆ ಡಾಕ್ಟರ್ ಮೋ ಮೆಟ್ಟಿಲು ಹತ್ತುತ್ತಿದ್ದಳು. ಇನ್ನು ಮೂರು ದೃಶ್ಯ ಕಳೆದರೆ ಗೀ ಅಮ್ಮ ಬರುತ್ತಾಳೆ, ರೋಗಿಯ ಉಗುರಿನ ಬಣ್ಣ ನೋಡುತ್ತಾಳೆ. ಅವಳು ನೋಡಿದ ತಕ್ಷಣ ಡಾಕ್ಟರರ ಕೋಣೆಯ ಬಾಗಿಲು. ಅಲ್ಲಿ ನೋಡುವುದಕ್ಕೂ ಹೇಳುವುದಕ್ಕೂ ನಡುವೆ ಏನೂ ಇಲ್ಲ. ನಡುವೆ ಇರುವ ಈ ಹೊತ್ತನ್ನು, ಮಂಚದ ಅಂಚಿನಲ್ಲಿ ಕೂತು ತೊಡೆಯ ಮೇಲೆ ಒದ್ದೆ ಟವೆಲ್ಲು ಹಿಂಡುವ ಈ ಹೊತ್ತನ್ನು, ಧಾರಾವಾಹಿ ಮಾಡಿದವರು ಎಲ್ಲಿ ಬಿಟ್ಟರು? ಎದ್ದು ಹೋಗಿ ಏನೆಂದು ಹೇಳುವುದು? ಸಾರು ಸೋರಿತು ಅನ್ನುವುದೇ? ನರ್ಸ್ ಮಾ ಕಂಪ್ಯೂಟರಿನಿಂದ ಕಣ್ಣೆತ್ತದೆ 'ಒರೆಸಿ' ಅನ್ನುತ್ತಾಳೆ. ಪ್ಯೋ ಡಾಕ್ಟರು ಬಹಳ ಮರ್ಯಾದೆಯಿಂದ ಕಂತಿನ ಸಂಖ್ಯೆ ಕೇಳುತ್ತಾನೆ. ಟೀವಿಯಲ್ಲಿ ಅದೇ ಓಡುತ್ತಿದೆ, ಬೆರಳು ತೋರಿಸಿದರೆ ಸಾಕು. ಸಂಘದವರು ಇನ್ನೊಂದು ಮನೆಗೆ, ಇನ್ನೊಂದು ಆಸ್ಪತ್ರೆಗೆ ಕಳಿಸುವುದಿಲ್ಲ. ಐವತ್ತೆಂಟರ ಹೆಂಗಸು ಎಲ್ಲಿ ಮಲಗಬೇಕು? ಇದೆಲ್ಲ ಯೋಚಿಸುತ್ತಿರುವಾಗಲೇ ಅವಳ ಕಣ್ಣು ಪರದೆಯ ಕಡೆ ಹೋಗಿತ್ತು. ಹೋಗಿತ್ತೋ, ಅವಳು ಕಳಿಸಿದಳೋ. ಗೀ ಅಮ್ಮ ಬಂದಳು. ಬೋಗುಣಿಯಲ್ಲಿ ಬಿಸಿನೀರು ತಂದು ಕೆಳಗಿಟ್ಟಳು. ಇಡುವಾಗ ಮೊಣಕಾಲಿಗೆ ಕೈ ಊರಿದಳು. ಆ ಕೈ ಊರಿದ ಪರಿ ಎಷ್ಟು ನಿಜ! ಆ ಒಂದು ಗಳಿಗೆ ಅವಳು ಸುಖವಾಗಿದ್ದಳು. ಆಮೇಲೆ ದಿನಗಟ್ಟಲೆ ಅವಳನ್ನು ಕೊರೆದದ್ದು ಅದೇ.

ತೊಡೆಗೆ ಏನೋ ತಗಲಿತು. ಅಜ್ಜಿಯ ಎಡಗೈ ಹಾಸಿಗೆಯಿಂದ ಜಾರಿ ಕೆಳಗೆ ತೂಗುತ್ತಿತ್ತು. ಓಕ್‌ಸುನ್ ಅದನ್ನೆತ್ತಿ ಹೊಟ್ಟೆಯ ಮೇಲಿಟ್ಟಳು. ಕೈ ಅಲ್ಲಿ ನಿಲ್ಲಲಿಲ್ಲ.

"ಅಜ್ಜಿ, ಕೈ ಎತ್ತಿ. ಎಡಗೈ."

"ಎತ್ತೀ...ನಲ್ಲೇ," ಅಂದಳು ಅಜ್ಜಿ. ಅವಳ ಬಲಗೈ ಮೇಲೆದ್ದಿತ್ತು. ಎಡಗೈ ಮತ್ತೆ ಜಾರಿ ತೂಗಿತು. ಅದು ತನ್ನದೆಂಬುದೇ ಅಜ್ಜಿಗೆ ಗೊತ್ತಿರಲಿಲ್ಲ.

ಒಂದು ಗಂಟೆ ಐದು ನಿಮಿಷ. ಓಕ್‌ಸುನ್ ಎದ್ದಳು.

ನರ್ಸ್ ಮಾ ಬಂದು ಅಜ್ಜಿಯ ಮುಖ ನೋಡಿದ್ದೇ ತಡ, ಗೋಡೆಯ ಗುಂಡಿ ಒತ್ತಿದಳು. ಯಾರೂ ನಗಲಿಲ್ಲ. ಪ್ಯೋ ಡಾಕ್ಟರು ಓಡಿ ಬಂದ, ಕಣ್ಣಿಗೆ ಬೆಳಕು ಬಿಟ್ಟ, ಅಂಗಾಲನ್ನು ಗೀರಿದ. ಯಾರೋ ಟೀವಿ ಆರಿಸಿದರು. ಹಾಸಿಗೆಯ ಚಕ್ರದ ಬೀಗ ಒದ್ದು ತೆಗೆಯುತ್ತ ಅವನು ಅವಳ ಕಡೆ ತಿರುಗಿದ. ಮೊದಲ ಸಲ ಅವಳಿಗೆ ಅವನ ಪೂರ್ತಿ ಮುಖ ಕಾಣಿಸಿತು, ಹಣೆಯಲ್ಲಿ ಮೊಡವೆಗಳಿದ್ದವು.

"ಯಾವಾಗ ಶುರುವಾಯ್ತು? ಅಮ್ಮಾವ್ರೇ, ಸರಿಯಾಗಿ ಹೇಳಿ. ಯಾವಾಗ ನೋಡಿದ್ರಿ?"

"ಈಗ," ಅಂದಳು ಓಕ್‌ಸುನ್. "ಈಗ ತಾನೇ."

"ಒಂದು ಐದು," ಎಂದ ಅವನು ನರ್ಸಿಗೆ. ನರ್ಸ್ ಮಾ ಬರೆದುಕೊಂಡಳು, ಬರೆಯುತ್ತಲೇ ಓಕ್‌ಸುನಳ ಭುಜ ಮುಟ್ಟಿ "ಒಳ್ಳೇ ಕೆಲ್ಸ ಮಾಡಿದ್ರಿ, ಬೇಗ ನೋಡಿದ್ರಿ" ಅಂದಳು. ಹಾಸಿಗೆ ಹೊರಟಿತು. ಕುಕ್ ಟೀಚರು ಪತ್ರಿಕೆ ಮಡಿಸಿ ಅವಳನ್ನೇ ನೋಡುತ್ತಿದ್ದರು, ಕಣ್ಣಲ್ಲಿ ಒಂದು ಬಗೆಯ ಗೌರವ.

ಲಿಫ್ಟಿನ ಬಾಗಿಲು ಮುಚ್ಚಿತು. ಅದರ ಉಕ್ಕಿನ ಮೇಲೆ ಅವಳ ನೇರಳೆ ಜಾಕೀಟು ಮಸುಕಾಗಿ ಕಾಣುತ್ತಿತ್ತು, ಮೇಲೆ ಮುಖದ ಜಾಗದಲ್ಲಿ ಏನೋ ಒಂದು. ಬೇಗ ನೋಡಿದಳು. ಹೌದಲ್ಲ. ಯಾರಿಗೆ ಗೊತ್ತು? ಸಾರು ಒಣಗಿರಬೇಕು. ಅಜ್ಜಿ ಹೇಳುವ ಸ್ಥಿತಿಯಲ್ಲಿಲ್ಲ. ನಲವತ್ತೈದು ನಿಮಿಷ ಎಲ್ಲಿಯೂ ಬರೆದಿಲ್ಲ, ಅವಳೊಬ್ಬಳ ತಲೆಯೊಳಗೆ ಬಿಟ್ಟರೆ. ಆದರೆ ಲಕ್ವ ಹೊಡೆದಾಗ ಮೊದಲು ಕೇಳುವ ಪ್ರಶ್ನೆ 'ಯಾವಾಗ ಶುರುವಾಯ್ತು' ಎಂಬುದೇ ಎಂದು ಅವಳಿಗೆ ಗೊತ್ತಿತ್ತು, ಉಳಿದದ್ದೆಲ್ಲವನ್ನೂ ಅದರ ಮೇಲೆ ಕಟ್ಟುತ್ತಾರೆ ಎಂದೂ ಗೊತ್ತಿತ್ತು. ಅದನ್ನು ಅವಳು ಯಾವುದೋ ಕಂತಿನಿಂದಲೇ ಕಲಿತಿದ್ದಳು. ಹತ್ತನೆಯದೋ ಹನ್ನೊಂದನೆಯದೋ. ಅವರು ಈಗ ಆ ಸುಳ್ಳನ್ನು ಹಿಡಿದುಕೊಂಡು ಕೆಳಗೆ ಇಳಿಯುತ್ತಿದ್ದಾರೆ, ಅಜ್ಜಿಯ ಜೊತೆ, ಅಜ್ಜಿಯಷ್ಟೇ ಜೋಪಾನವಾಗಿ.

ಅವಳು ಮೆಟ್ಟಿಲಿಗೆ ಓಡಿದಳು. ಐದು ಮಹಡಿ. ಮೂರನೆಯದರಲ್ಲಿ ಒಂದು ಚಪ್ಪಲಿ ಕಳಚಿತು, ಹಿಂತಿರುಗಿ ನೋಡಲಿಲ್ಲ. ಎರಡನೆಯದರಲ್ಲಿ ನಿಂತಳು, ಉಸಿರಿಗಾಗಿ ನಿಂತೆ ಅಂದುಕೊಂಡಳು, ಉಸಿರಿಗಾಗಿ ಅಲ್ಲ. ಈಗ ಹೇಳಿದರೆ ಸುಳ್ಳು ಹೇಳಿದ್ದೂ ಸೇರಿಕೊಳ್ಳುತ್ತದೆ. ಕೈಕಂಬಿ ತಣ್ಣಗಿತ್ತು. ಇಲ್ಲಿ ನಿಂತು ಎಷ್ಟು ಹೊತ್ತಾಯಿತು? ಈ ಹೊತ್ತನ್ನೂ ಯಾರಾದರೂ ಕೇಳುತ್ತಾರೆಯೇ? ಬರಿಗಾಲನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟಳು, ಆಮೇಲೆ ಕಾಲುಗಳೇ ಅವಳನ್ನು ಇಳಿಸಿದವು.

ಸ್ಕ್ಯಾನ್ ಕೋಣೆಯ ಮುಂದೆ ಪ್ಯೋ ಡಾಕ್ಟರು ಒಬ್ಬ ಕುಳ್ಳಗಿನ ಹೆಂಗಸಿಗೆ ವರದಿ ಒಪ್ಪಿಸುತ್ತಿದ್ದ. ಮಿದುಳಿನ ಡಾಕ್ಟರು. ಕೋಟಿನ ಜೇಬಿನಿಂದ ಅರ್ಧ ತಿಂದ ಬ್ರೆಡ್ಡಿನ ಪೊಟ್ಟಣ ಇಣುಕುತ್ತಿತ್ತು. "ಒಂದು ಐದಕ್ಕೆ ಶುರು, ಆರೈಕೆಯವರು ಎದುರಿಗೇ ಇದ್ರು..."

"ಅಲ್ಲ," ಅಂದಳು ಓಕ್‌ಸುನ್. ಇನ್ನೊಮ್ಮೆ ಹೇಳಿದಳು. "ಅಲ್ಲ. ಹನ್ನೆರಡು ಇಪ್ಪತ್ತು."

"ಈಗ ತಾನೇ ಅಂದ್ರಲ್ಲ?" ಎಂದ ಪ್ಯೋ.

"ಸುಳ್ಳು ಹೇಳ್ದೆ."

ಕುಳ್ಳಗಿನ ಹೆಂಗಸು ತಲೆಯೆತ್ತಲಿಲ್ಲ. "ಹನ್ನೆರಡು ಇಪ್ಪತ್ತಕ್ಕೆ ಏನಾಯ್ತು?"

"ಸಾರು ಎಡಗಡೆಯಿಂದ ಸೋರ್ತು. ಎರಡು ಸಲ."

"ಅದಕ್ಕೆ ಮುಂಚೆ ಚೆನ್ನಾಗಿದ್ದಿದ್ದು ಯಾವಾಗ?"

"ಹನ್ನೆರಡು ಗಂಟೆಗೆ. ಸಾರು ತಣ್ಣಗಿದೆ ಅಂತ ನನ್ನ ಬೈದ್ರು. ಚೆನ್ನಾಗಿ ಬೈದ್ರು."

"ಕೊನೇ ಸಲ ಚೆನ್ನಾಗಿದ್ದ ಹೊತ್ತೇ ಲೆಕ್ಕ, ಹನ್ನೆರಡು ಅಂತ ಬರ್ಕೊಳ್ಳಿ," ಎಂದು ಅವಳು ಪ್ಯೋಗೆ ಹೇಳಿದಳು. "ಸೊಂಟದ ಆಪರೇಷನ್ ಆಗಿದೆ, ಔಷಧಿ ಕೊಟ್ಟು ಕರಗಿಸೋ ಹಾಗಿಲ್ಲ. ಸ್ಕ್ಯಾನಲ್ಲಿ ಮಿದುಳಿನ ಹೆಪ್ಪು ಕಂಡ್ರೆ ತೊಡೆಯಿಂದ ತಂತಿ ಹಾಕಿ ಎಳೀಬೇಕು. ತಂಡಕ್ಕೆ ಹೇಳಿ." ಹಳೆಯ ಅಂಕಿಯ ಮೇಲೆ ಒಂದು ಗೀಟು ಬಿತ್ತು. ಬಾಗಿಲು ಮುಚ್ಚಿತು. ಅವಳು ಓಕ್‌ಸುನಳನ್ನು ಬೈಯಲಿಲ್ಲ, ಮೆಚ್ಚಲಿಲ್ಲ, ಅವಳ ಒಂಟಿ ಚಪ್ಪಲಿಯನ್ನೂ ನೋಡಲಿಲ್ಲ. ಅವಳಿಗೆ ಬೇಕಾಗಿದ್ದು ಹೊತ್ತಿನ ಲೆಕ್ಕ, ಅದು ಸಿಕ್ಕಿತ್ತು.

ಅಜ್ಜಿಯ ಮಗಳು ಮಿಗ್ಯೊಂಗ್ ಎರಡು ಗಂಟೆಗೆ ಬಂದಳು. ಸೊಸೊಂಗ್ ಪೇಟೆಯಲ್ಲಿ ಅವಳದೊಂದು ಇಸ್ತ್ರಿ ಅಂಗಡಿ. ಮೈಯಿಂದ ಇನ್ನೂ ಹಬೆಯ ವಾಸನೆ ಬರುತ್ತಿತ್ತು. ಬಂದವಳೇ ಓಕ್‌ಸುನಳ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ನರ್ಸ್ ಎಲ್ಲಾ ಹೇಳಿದ್ರು. ನೀವು ಪಕ್ಕದಲ್ಲೇ ಇದ್ರಂತೆ, ಕೂಡ್ಲೇ ನೋಡಿದ್ರಂತೆ. ನೀವಿಲ್ದೇ ಹೋಗಿದ್ರೆ..." ಅಲ್ಲಿಗೆ ಅವಳಿಗೆ ಅಳು ಬಂತು. ಅವಳ ಕೈಗಳು ಬೆಚ್ಚಗಿದ್ದವು, ಇಸ್ತ್ರಿಯ ಹಳೆಯ ಸುಟ್ಟಗಾಯಗಳಿಂದ ಒರಟಾಗಿದ್ದವು. ಡಾಕ್ಟರಿಗೆ ನಿಜ ಹೇಳಿದ್ದಾಗಿದೆ, ಚಿಕಿತ್ಸೆಗೆ ಬೇಕಾದವರಿಗೆ ಹೇಳಿದ್ದಾಗಿದೆ. ಇವಳಿಗೂ ಹೇಳಬೇಕೆಂದು ಎಲ್ಲಿದೆ? ಇಬ್ಬರೂ ಬೆಂಚಿನ ಮೇಲೆ ಕೂತರು. ಮಿಗ್ಯೊಂಗ್ ಕೈ ಬಿಡಲಿಲ್ಲ. ಎಷ್ಟೋ ವರ್ಷಗಳಿಂದ ಓಕ್‌ಸುನಳ ಕೈಯನ್ನು ಯಾರೂ ಅಷ್ಟು ಹೊತ್ತು ಹಿಡಿದುಕೊಂಡಿರಲಿಲ್ಲ.

ಮೂರು ಗಂಟೆಗೆ ಕುಳ್ಳಗಿನ ಡಾಕ್ಟರು ಹೊರಗೆ ಬಂದಳು. ಹೆಪ್ಪು ಹೊರಬಂದಿದೆ, ಜೀವಕ್ಕೆ ಭಯವಿಲ್ಲ, ಎಡಗೈ ಎಷ್ಟು ವಾಪಸ್ಸು ಬರುತ್ತದೋ ಈಗಲೇ ಹೇಳಲಾಗುವುದಿಲ್ಲ. "ಹನ್ನೆರಡು ಇಪ್ಪತ್ತಕ್ಕೇ ಶುರುವಾಗಿತ್ತು. ಇನ್ನೊಂಚೂರು ಬೇಗ ಬಂದಿದ್ರೆ ಇನ್ನೂ ಚೆನ್ನಾಗಿರ್ತಿತ್ತು," ಎಂದು ಹೋದಳು.

ಮಿಗ್ಯೊಂಗ್ ಫೋನ್ ತೆಗೆದು ನೋಡಿದಳು. "ನಂಗೆ ಫೋನ್ ಬಂದಿದ್ದು ಒಂದು ಹದಿನೈದಕ್ಕೆ." ಕೈ ಬಿಟ್ಟಳು. "ಹನ್ನೆರಡು ಇಪ್ಪತ್ತರಿಂದ ಒಂದು ಗಂಟೆವರೆಗೂ ಎಲ್ಲಿದ್ರಿ?"

"ಪಕ್ಕದಲ್ಲೇ."

"ಏನ್ಮಾಡ್ತಿದ್ರಿ?"

"ಟೀವಿ ನೋಡ್ತಿದ್ದೆ."

"ಟೀವಿ ನೋಡ್ತಾ ಅಮ್ಮನ್ನ ನೋಡ್ಲಿಲ್ಲ."

"ನೋಡ್ದೆ. ಅಮ್ಮನ್ನೂ ನೋಡ್ದೆ. ಏನಾಗ್ತಿದೆ ಅಂತ್ಲೂ ಗೊತ್ತಾಯ್ತು."

"ಗೊತ್ತಾಗಿ?"

ಓಕ್‌ಸುನ್ ಗೋಡೆ ನೋಡಿದಳು. ಸುಳ್ಳಲ್ಲದ್ದನ್ನು ಹುಡುಕಬೇಕಾಗಿತ್ತು, ಕೈಗೆ ಸಿಕ್ಕಿದ್ದು ಬಹಳ ಚಿಕ್ಕದಿತ್ತು, ಹೊರಗೆ ತೆಗೆಯಲು ನಾಚಿಕೆಯಾಗುವಷ್ಟು. "ನಗ್ತಾರೆ ಅಂತ," ಅಂದಳು.

ಮಿಗ್ಯೊಂಗ್ ಅರ್ಥವಾಗದವಳಂತೆ ನೋಡಿದಳು. "ನಗ್ತಾರೆ ಅಂತ," ಎಂದು ತನ್ನ ಬಾಯಲ್ಲಿ ಹೇಳಿ ನೋಡಿದಳು. ಆಮೇಲೆ ಎದ್ದು ನಿಂತಳು. "ಹೋಗ್ರೀ ಇಲ್ಲಿಂದ. ನನ್ನ ಕಣ್ಣೆದುರು ಇರ್ಬೇಡಿ."

ಸಂಘದಿಂದ ಮಾರನೆಯ ದಿನವೇ ಫೋನು ಬಂತು: ದೂರು ಬಂದಿದೆ, ಮುಂದೆ ಹೇಳುವವರೆಗೆ ಕೆಲಸವಿಲ್ಲ. ಅವಳು ನಿಲ್ದಾಣದ ಹಿಂದಿನ, ದುಡ್ಡು ಕೊಟ್ಟರೆ ರಾತ್ರಿ ಮಲಗಲೂ ಬಿಡುವ ಸಾರ್ವಜನಿಕ ಸ್ನಾನಗೃಹದ ಬೆಚ್ಚನೆಯ ನೆಲದ ಮೇಲೆ ನಾಲ್ಕು ದಿನ ಮಲಗಿದಳು. ವೇದಿಕೆಯಲ್ಲಿ ಯಾರೋ ಕೇಳಿದ್ದರು: 'ಮಡಿಸುಮಂಚ ಎಲ್ಲಿ? ಈ ವಾರದ ಕಂತಿನ ಬಗ್ಗೆ ಬರೆಯಲಿಲ್ಲವಲ್ಲ?' ಅವಳು ಆ ಕಂತನ್ನು ನೋಡಿದ್ದಳು. ಚೆನ್ನಾಗಿತ್ತು. ಅದು ಇನ್ನೂ ಚೆನ್ನಾಗಿಯೇ ಕಾಣುತ್ತದೆಂಬುದೇ ಅವಳಿಗೆ ಸಂಕಟ. ಕೆಟ್ಟದ್ದಾಗಿ ಕಂಡಿದ್ದರೆ ಒಂದು ಶಿಕ್ಷೆಯಾದರೂ ಆಗುತ್ತಿತ್ತು. ಸುಖವಾಗಿದ್ದ ಆ ಒಂದು ಗಳಿಗೆಯನ್ನು ಅವಳು ತಿರುಗಿಸಿ ತಿರುಗಿಸಿ ನೋಡಿದಳು. ನಗುತ್ತಾರೆ ಅಂತ ಮಾತ್ರವೇ ಕೂತಿದ್ದಳೇ, ಅಥವಾ ಗೀ ಅಮ್ಮ ಬರಲಿ ಅಂತಲೂ? ಉತ್ತರ ಪ್ರತಿ ಸಲವೂ ಬೇರೆ ಬರುತ್ತಿತ್ತು.

ಐದನೆಯ ದಿನ ಏಪ್ರನ್ ಒಗೆಯಲೆಂದು ಜೇಬು ತಡವಿದಾಗ ಹಲ್ಲಿನ ಸೆಟ್ಟಿನ ಡಬ್ಬಿ ಸಿಕ್ಕಿತು. ನರ್ಸುಗಳ ಮೇಜಿನ ಮೇಲಿಟ್ಟು ಬಂದುಬಿಡೋಣ ಎಂದುಕೊಂಡು ಹೋದಳು. ಮಿದುಳಿನ ವಾರ್ಡು ಎಂಟನೇ ಮಹಡಿ. ಮಧ್ಯಾಹ್ನದ ಊಟದ ಗಾಡಿ ಆಗಲೇ ಹೋಗಿತ್ತು. ಮೇಜಿನ ಹತ್ತಿರ ಯಾರೂ ಇರಲಿಲ್ಲ, ಎದುರಿನ ಕೋಣೆಯ ಬಾಗಿಲು ತೆರೆದಿತ್ತು, ಒಳಗೆ ಪಿಲ್‌ನ್ಯೋ ಅಜ್ಜಿ. ಮಿಗ್ಯೊಂಗ್ ಬಾಗಿಲಿಗೆ ಬೆನ್ನು ಮಾಡಿ ಕೂತು ಗಂಜಿ ತಿನ್ನಿಸುತ್ತಿದ್ದಳು. ಹಾಸಿಗೆ ಮಲಗಿಸಿದ ಹಾಗೇ ಇತ್ತು. ಚಮಚ ತುಂಬ ತುಂಬಿತ್ತು. ಅಜ್ಜಿ ಕೆಮ್ಮಿದಳು. ಮಿಗ್ಯೊಂಗ್ ಒರೆಸಿ, ಇನ್ನೊಂದು ಚಮಚ ಎತ್ತಿದಳು. ಅಜ್ಜಿಯ ಗಂಟಲಲ್ಲಿ ಗೊರಗೊರ ಸದ್ದು, ಮುಖ ಕೆಂಪಾಗುತ್ತಿತ್ತು.

ಓಕ್‌ಸುನ್ ಡಬ್ಬಿ ಹಿಡಿದುಕೊಂಡೇ ಬಾಗಿಲಿಗೆ ಹೋದಳು.

"ನಿಲ್ಸಿ," ಅಂದಳು, ಹೊಸ್ತಿಲಲ್ಲೇ ನಿಂತು. ಜೋರಾಗಿಯೇ ಬಂತು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. "ಕೊಡ್ಬೇಡಿ. ಮೊದ್ಲು ಹಾಸಿಗೆ ಎತ್ತಿ. ನೆಟ್ಟಗೆ ಕೂರೋ ಹಾಗೆ."

ಮಿಗ್ಯೊಂಗಳ ಚಮಚ ಗಾಳಿಯಲ್ಲೇ ನಿಂತಿತು. ಅವಳಿಗೆ ಯಾರ ಧ್ವನಿ ಎಂದು ಗೊತ್ತಾಗಿತ್ತು. ಭುಜ ಬಿಗಿದದ್ದರಲ್ಲೇ ಅದು ತಿಳಿಯುತ್ತಿತ್ತು. ಅಜ್ಜಿ ಮತ್ತೆ ಕೆಮ್ಮಿದಳು, ಉದ್ದಕ್ಕೆ, ಕಣ್ಣಲ್ಲಿ ನೀರು ಬರುವ ಹಾಗೆ. ಮಿಗ್ಯೊಂಗ್ ಬಟ್ಟಲು ಕೆಳಗಿಟ್ಟು ಹಾಸಿಗೆಯ ಗುಂಡಿ ಒತ್ತಿದಳು. ಅಜ್ಜಿ ಮೆಲ್ಲಗೆ ಮೇಲೆದ್ದು ಬಂದಳು. ಕೆಮ್ಮು ನಿಂತಿತು. ಅವಳ ಕಣ್ಣು ಬಾಗಿಲವರೆಗೆ ಬಂದು, ಗುರುತು ಹಿಡಿಯಿತೋ ಇಲ್ಲವೋ, ಅಲ್ಲೇ ನಿಂತಿತು.

"ಗಲ್ಲ ಕೆಳಗೆ ಬಾಗಿಸಿ," ಅಂದಳು ಓಕ್‌ಸುನ್. "ಎದೆಗೆ ತಾಗೋ ಹಾಗೆ. ಅರ್ಧ ಚಮಚ ಸಾಕು."

ಅರ್ಧ ಚಮಚ. ಅಜ್ಜಿ ನುಂಗಿದಳು. ನುಂಗಿದ್ದು ಹೊಸ್ತಿಲವರೆಗೂ ಕೇಳಿಸಿತು.

ಮಿಗ್ಯೊಂಗ್ ತಿರುಗದೆಯೇ ಕೇಳಿದಳು. "ಯಾವ ಕಡೆಯಿಂದ ಕೊಡ್ಬೇಕು?"

"ಬಲಗಡೆಯಿಂದ. ಎಡಗಡೆ ಅವ್ರಿಗೆ ಗೊತ್ತಾಗಲ್ಲ."

ಇನ್ನರ್ಧ ಚಮಚ. "ಈಗ ತಡೀರಿ. ಬಾಯಿ ಖಾಲಿ ಆಗ್ಲಿ. ಹ್ಞಾ, ಈಗ." ಗಂಜಿ ತಣ್ಣಗಾಗುತ್ತಿತ್ತು, ಬಟ್ಟಲು ನಿಧಾನವಾಗಿ ಇಳಿಯುತ್ತಿತ್ತು. ಅದು ಮುಗಿಯುವವರೆಗೂ ಓಕ್‌ಸುನ್ ಹೊಸ್ತಿಲಲ್ಲಿ ನಿಂತು ಒಂದೊಂದು ಚಮಚಕ್ಕೂ ಹೇಳುತ್ತಲೇ ಇದ್ದಳು. ಯಾರೂ ಅವಳನ್ನು ಒಳಗೆ ಕರೆಯಲಿಲ್ಲ, ಹೋಗೆಂದೂ ಅನ್ನಲಿಲ್ಲ.